ನೂರು ಮಾತಿನ ರೇಷನ್ನು

"ಕಾದಂಬರಿ ಹೆಂಗೆ, ಸಿನಿಮಾ ಹೆಂಗೆ ಅಂತ ಎಳೆಎಳೆಯಾಗಿ ಬಿಡಿಸಿಟ್ಟುಬಿಡ್ತೀನಿ! ತಿಪಟೂರಿಗೆ ತಿಪಟೂರೇ ತಲೆದೂಗಬೇಕು!"

ನೊಣವಿನಕೆರೆಯ ಸದಾಶಿವಯ್ಯನವರು ಹೀಗೆ ಪಣ ತೊಟ್ಟಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. ಅವರಿಗೆ ತೆಂಗಿನ ತೋಟವಿತ್ತು, ಎರಡು ಹಸುಗಳಿದ್ದವು, ಊರಿಗೆಲ್ಲ ಬುದ್ಧಿ ಹೇಳುವಷ್ಟು ಬಿಡುವಿತ್ತು. ಇನ್ನು ಹದಿನೈದು ದಿನಕ್ಕೆ ತಿಪಟೂರಿನ ಓದುಗರ ಬಳಗದಲ್ಲಿ ಒಂದು ಕಾದಂಬರಿ ಮತ್ತು ಅದರಿಂದ ತೆಗೆದ ಸಿನಿಮಾದ ಬಗ್ಗೆ ಅವರ ಭಾಷಣ. ಅದಕ್ಕೆಂದೇ ನಿವೃತ್ತ ಮೇಷ್ಟ್ರು ಏಕಾಂತಯ್ಯನವರು ಆ ಕಾದಂಬರಿಯ ತಮ್ಮ ಸ್ವಂತ ಪ್ರತಿಯನ್ನು ನಂಬಿ ಕೊಟ್ಟಿದ್ದರು.

ಮುಂದೆಂದೋ ಬರಲಿರುವ ಕೆಟ್ಟ ಕಾಲದ ಕಥೆ ಅದು. ಸೀಮೆಎಣ್ಣೆ, ಸಕ್ಕರೆಗಿರುವಂತೆ ಅಲ್ಲಿ ಮಾತಿಗೂ ರೇಷನ್! ತಲೆಗೆ ದಿನಕ್ಕೆ ನೂರೇ ಮಾತು. ಕುತ್ತಿಗೆಗೆ ಕಟ್ಟಿದ ಯಂತ್ರ ಎಣಿಸುತ್ತಿರುತ್ತದೆ, ನೂರು ದಾಟಿದರೆ ಜೈಲು.

"ಅಂಥಾ ಕಾಲ ಬಂದ್ರೆ ನೀವು ಹಲ್ಲುಜ್ಜೋದ್ರೊಳಗೇ ಜೈಲಲ್ಲಿರ್ತೀರಿ ಕಣ್ರೀ," ಎಂದರು ಹೆಂಡತಿ ಗಿರಿಜಾಂಬಿಕೆ.

ಅನಾಹುತ ಮಾರನೇ ದಿನವೇ ಆಯಿತು. ಪುಸ್ತಕವನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡು ತೋಟಕ್ಕೆ ಹೊರಟ ಸದಾಶಿವಯ್ಯನವರು, ದಾರಿಯಲ್ಲಿ ಸಿಕ್ಕ ದೊಡ್ಡರಂಗಯ್ಯನಿಗೆ ಹ್ಯಾಂಡಲ್ ಬಿಟ್ಟು ಅಭಿನಯಿಸುತ್ತ ಭಾಷಣದ ಸಂಗತಿ ವಿವರಿಸತೊಡಗಿದರು. ಸೈಕಲ್ಲು, ಸವಾರ, ಸಾಹಿತ್ಯ ಮೂರೂ ಒಟ್ಟಿಗೆ ಕಾಲುವೆ ಸೇರಿದವು!

"ಒಲೆ ಮೇಲಿನ ಅಟ್ಟಕ್ಕೆ ಹಾಕೇ!" ಎಂದರು, ತೊಪ್ಪೆಯಾದ ಪುಸ್ತಕವನ್ನು ಹೆಂಡತಿಯ ಕೈಗೆ ತುರುಕಿ. "ತೆಂಗಿನಕಾಯಿಯೊಳಗಿನ ನೀರನ್ನೇ ಇಂಗಿಸೋ ಅಟ್ಟ, ಇದ್ಯಾವ ಲೆಕ್ಕ!"

"ಕಾಯಿ ಕೊಬ್ಬರಿ ಆಗೋಕೆ ಹನ್ನೊಂದು ತಿಂಗ್ಳು ಬೇಕು. ನಿಮ್ಮ ಭಾಷಣ ಇರೋದು ಹದಿನಾಲ್ಕು ದಿನಕ್ಕೆ!"

"ನಿನಗೆ ಗೊತ್ತಾಗಲ್ಲ, ಸುಮ್ಕಿರು."

ಗಿರಿಜಾಂಬಿಕೆ ಪುಸ್ತಕವನ್ನು ಅಟ್ಟಕ್ಕೆ ಸಾಗಿಸಿದರು. ದಿನಾ ಮಧ್ಯಾಹ್ನ ಏಣಿ ಹತ್ತಿ, ಕಾಯಿಗಳ ನಡುವೆ ಕೂತು, ಅಂಟಿಕೊಂಡ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿದರು. ಇಳಿದು ಬರುವಾಗ ಕಣ್ಣು ಕೆಂಪಗಿರುತ್ತಿತ್ತು. ಹೊಗೆ ಇರಬೇಕೆಂದುಕೊಂಡರು ಸದಾಶಿವಯ್ಯ.

"ರೀ, ಆ ಪುಸ್ತಕದಲ್ಲಿ..." ಎಂದು ಒಂದು ಸಲ ಶುರುಮಾಡಿದರು.

"ಆಮೇಲೆ ಹೇಳು."

ಮುದ್ದೆ ಬಡಿಸುವಾಗ, "ರೀ, ಅದರಲ್ಲಿ ಆ ಹೆಂಡ್ತಿ..."

"ಆಮೇಲೆ!"

ಮೂರನೇ ಸಲ ಹತ್ತಿರ ಬಂದು ನಿಂತರು. "ತಿಪಟೂರಿಗೆ ಆ ಸಿನಿಮಾ ಬಂದೈತಂತೆ. ಮೂರೇ ದಿನವಂತೆ. ನಾನೂ ಬತ್ತೀನಿ ಕಣ್ರೀ, ಇದೊಂದು ನೋಡ್ಬೇಕು ಅಂತ ಬಾಳ ಆಸೆ."

"ಇದು ವಿಚಾರದ ಸಿನಿಮಾ ಕಣೇ. ನಿನಗೆ ಆಮೇಲೆ ಭಕ್ತೀದು ಬಂದಾಗ ತೋರಿಸ್ತೀನಿ," ಎಂದು ಒಬ್ಬರೇ ಬಸ್ಸು ಹತ್ತಿದರು.

ವಿಚಾರದ ಸಿನಿಮಾದಲ್ಲಿ ಏಳು ಹಾಡುಗಳಿದ್ದವು! ದಿನಕ್ಕೆ ನೂರೇ ಮಾತಿನ ದೇಶದಲ್ಲಿ ನಾಯಕ ಮರ ಸುತ್ತಿ ಸುತ್ತಿ ಹಾಡಿದ. ಕೊನೆಗೆ ಯಂತ್ರ ಒಡೆದು, ಹೆಂಡತಿಯನ್ನು ಎತ್ತಿ ಗಿರಗಿರನೆ ತಿರುಗಿಸಿದ. ಸದಾಶಿವಯ್ಯನವರಿಗೆ ಪರಮಾನಂದ. ಕಾದಂಬರಿ ಓದುವ ಕಷ್ಟವೇ ತಪ್ಪಿತಲ್ಲ!

ಭಾಷಣದ ದಿನ, ಚಪ್ಪಾಳೆ ಕೇಳಲಿ ಎಂದು ಹೆಂಡತಿಯನ್ನೂ ಕರೆದೊಯ್ದರು. ಹೊಗೆ ವಾಸನೆಯ ಪುಸ್ತಕವನ್ನು ಎತ್ತಿ ಹಿಡಿದು ಮುಕ್ಕಾಲು ಗಂಟೆ ಗುಡುಗಿದರು. "ಕಾದಂಬರಿಗೂ ಸಿನಿಮಾಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ!"

ಏಕಾಂತಯ್ಯನವರು ಕನ್ನಡಕ ತೆಗೆದು ಮೆಲ್ಲಗೆ ಕೇಳಿದರು, "ಹಂಗಾದ್ರೆ ಕಾದಂಬರೀಲಿ ಕೊನೆಗೆ ಆ ಹೆಂಡ್ತಿ ಏನಾಗ್ತಾಳಪ್ಪ?"

"ಗಂಡನ ಜೊತೆ ಹಾಡ್ತಾಳೆ ಮೇಷ್ಟ್ರೇ!"

ಓದಿದ್ದವರೆಲ್ಲ ಗೊಳ್ಳೆಂದರು. ಹಿಂದಿನ ಬೆಂಚಿನಿಂದ ಗಿರಿಜಾಂಬಿಕೆ ಎದ್ದರು.

"ಇಲ್ಲ ಮೇಷ್ಟ್ರೇ. ಅವನು ದಿನಾ ನೂರು ಮಾತೂ ಬೀದಿ ಭಾಷಣಕ್ಕೆ ಸುರಿದು, ಮನೆಗೆ ಮೂಕನಾಗಿ ಬತ್ತಾನೆ. ಅವಳು ತನ್ನ ಮಾತೆಲ್ಲ ಅವನಿಗೇ ಅಂತ ಮುಡಿಪಿಟ್ಕೊಂಡು ಕಾಯ್ತಾಳೆ. ಕೊನೆಗೊಂದಿನ ಅವನು ನೂರೂ ಉಳಿಸ್ಕೊಂಡು ಓಡಿ ಬರೋ ಹೊತ್ತಿಗೆ, ಅವಳಿಗೆ ಮಾತಾಡೋದೇ ಮರೆತೋಗಿರ್ತದೆ."

ಏಕಾಂತಯ್ಯನವರು ಕನ್ನಡಕವನ್ನು ಮತ್ತೆ ಏರಿಸಿಕೊಂಡು ಅವರತ್ತ ತಿರುಗಿದರು.

"ಓದಿದ್ದೀಯೇನಮ್ಮ?"

"ಹಾಳೆ ಒಣಗಿಸ್ತಾ ಓದ್ದೆ. ಸಿನಿಮಾ ನೋಡಿಲ್ಲ, ಅದನ್ನ ನಮ್ಮನೆಯೋರು ನೋಡವ್ರೆ."

ಚಪ್ಪಾಳೆಯೇನೋ ಜೋರಾಗಿಯೇ ಬಿತ್ತು!

ಬಸ್‌ ಸ್ಟ್ಯಾಂಡಿನ ದಾರಿಯಲ್ಲಿ ಟಾಕೀಸಿನ ಗೋಡೆಗೆ ಬೇರೆ ಪೋಸ್ಟರ್ ಹತ್ತಿತ್ತು. ಭಕ್ತಿ ಚಿತ್ರ. ಸದಾಶಿವಯ್ಯನವರು ಅದರ ಮುಂದೆ ನಿಂತುಬಿಟ್ಟರು. ಮಾನ ಹೋಗಿದ್ದಕ್ಕಲ್ಲ. ಹೆಂಡತಿ ಬಾಯಿಬಿಟ್ಟು ಕೇಳಿದ ಒಂದು ಸಿನಿಮಾ! ಪಕ್ಕದಲ್ಲಿ ಕೂತು ನೋಡಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಇನ್ನು ಅದು ಈ ಕಡೆ ಯಾವಾಗ ಬರುತ್ತದೋ, ಬರುವುದೇ ಇಲ್ಲವೋ.

ಬಸ್ಸಿನಲ್ಲಿ ಕೂತ ಮೇಲೆ ಹೆಂಡತಿಯತ್ತ ತಿರುಗಿದರು. "ತಪ್ಪಾಯ್ತು ಕಣೇ. ಈಗ ಹೇಳು. ಊರು ಬರೋವರೆಗೂ ನಾನು ಬಾಯಿ ಬಿಡಲ್ಲ, ಬರೀ ಕೇಳ್ತೀನಿ."

ಗಿರಿಜಾಂಬಿಕೆ ಸೆರಗು ಹೊದ್ದು ಕಿಟಕಿಗೆ ಒರಗಿದರು.

"ಇವತ್ತಿನ ನೂರು ಸಭೇಲೇ ಮುಗಿದೋಯ್ತು ಕಣ್ರೀ. ಆಮೇಲೆ ಹೇಳ್ತೀನಿ."