ಒಮ್ಮೆ ಬೇಡ ಅಂದರೆ ಬೇಡ

ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ಮೇಲೂ ನಾನು ಕಲಿಸುವುದು ಭಾಷೆಯನ್ನೋ ಬೇರೆ ಏನನ್ನೋ ಎಂಬುದು ನನಗೇ ಸರಿಯಾಗಿ ತಿಳಿದಿಲ್ಲ. ವಾರದ ದಿನಗಳಲ್ಲಿ ಈ ಗೊಂದಲ ಕಾಡುವುದಿಲ್ಲ. ಕಾಲೇಜಿನ ಹುಡುಗರು ನಾನು ಹೇಳಿದ್ದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಆದರೆ ನವಲಗುಂದದ ನಮ್ಮ ಕಾಲೇಜಿನಲ್ಲಿ ಭಾನುವಾರ ದೊಡ್ಡವರ ತರಗತಿ ನಡೆಯುತ್ತದೆ. ಮಕ್ಕಳ ಮದುವೆ ಮುಗಿಸಿ ಪದವಿ ಓದಲು ಬಂದವರು. ಇವರು ನಾನು ಹೇಳಿದ್ದನ್ನೆಲ್ಲ ನಂಬುತ್ತಾರೆ. ನನ್ನ ಕಷ್ಟ ಶುರುವಾದದ್ದೇ ಅಲ್ಲಿಂದ.

ಅಂಗನವಾಡಿ ಟೀಚರ್ ರೇಣಕ್ಕನ ವಿಷಯವನ್ನೇ ಹೇಳುತ್ತೇನೆ. ಪದವಿ ಮುಗಿದರೆ ಸೂಪರ್‌ವೈಸರ್ ಆಗುವ ಆಸೆ ಅವರಿಗೆ. ಉಳಿದದ್ದೆಲ್ಲ ಪಾಸಾಗಿ, ಇಂಗ್ಲಿಷ್ ಮಾತಿನ ಪರೀಕ್ಷೆಯಲ್ಲಿ ಮಾತ್ರ ನಪಾಸಾಗಿದ್ದರು. ಪರೀಕ್ಷಕರನ್ನು ಮನೆಗೆ ಬಂದ ಅತಿಥಿಯಂತೆ ಮಾತನಾಡಿಸಿ ಬೀಳ್ಕೊಡಬೇಕು, ಅಷ್ಟೇ. ಅಷ್ಟರಲ್ಲಿ ನಪಾಸಾಗುವುದು ಹೇಗೆಂದು ತಿಳಿಯದೆ ನಾನೇ ಅತಿಥಿಯಾಗಿ ಕೂತೆ. ರೇಣಕ್ಕ ಇಂಗ್ಲಿಷಿನಲ್ಲಿ ಚಹಾ ಬೇಕೇ ಎಂದು ಕೇಳಿದರು. "ನೋ, ಥ್ಯಾಂಕ್ಯೂ" ಅಂದೆ. ಅರ್ಧ ಕಪ್ಪಾದರೂ ಅಂದರು. ಬೇಡ ಅಂದೆ. ಹಾಗಾದರೆ ಒಂದು ತಟ್ಟೆ ಮಂಡಕ್ಕಿ ಗಿರಮಿಟ್ ಅಂದರು. ಹೊರಡಲು ಎದ್ದರೆ ಬಾಗಿಲಿಗೇ ಅಡ್ಡ ನಿಂತರು. ತರಗತಿ ಮುಗಿದರೂ ಅತಿಥಿ ಹೊರಡಲಿಲ್ಲ.

"ರೇಣಕ್ಕಾ, ಇಂಗ್ಲಿಷಿನ್ಯಾಗ ಒಮ್ಮೆ ಬ್ಯಾಡ ಅಂದ್ರ ಬ್ಯಾಡರಿ. ಓಕೆ ಅಂದು ಬಿಟ್ಟಬಿಡ್ರಿ" ಎಂದೆ.

"ಅಯ್ಯ ಸರ, ಮೊದಲನೇ ಸಲ ಎಲ್ಲಾರೂ ಸಂಕೋಚಕ್ಕ ಬ್ಯಾಡ ಅಂತಾರ್ರಿ. ಹಂಗ ಕಳಿಸಿದ್ರ ಮಂದಿ ಏನಂದಾರು?"

"ಪಾಸ್ ಅಂತಾರ್ರಿ."

ಅವರು ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು. ನನಗೂ ಪಾಪ ಅನ್ನಿಸಿತು. ಆದರೂ ವಾರ ವಾರ ನಾನು ಬೇಡ ಅನ್ನುವುದು, ಅವರು ಹಲ್ಲು ಕಚ್ಚಿ ಓಕೆ ಅನ್ನುವುದು ನಡೆಯಿತು. ಕೊನೆಗೊಂದು ದಿನ ಫೋನ್ ಬಂತು. "ಪಾಸಾದ್ನಿರಿ ಸರ! ಮನಿಗೆ ಬರಾಕ ಬೇಕ್ರಿ!"

ಸುಡುಬಿಸಿಲಿನಲ್ಲಿ ನಡೆದು ಅವರ ಮನೆ ಮುಟ್ಟಿದೆ. ಒಳಗಿನಿಂದ ಗಿರಮಿಟ್ಟಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ರೇಣಕ್ಕ ಹೊಸ ಜಮಖಾನೆ ಹಾಸಿ ಕೂರಿಸಿ, ಚೊಕ್ಕ ಇಂಗ್ಲಿಷಿನಲ್ಲಿ ಗಿರಮಿಟ್ ತಿನ್ನುತ್ತೀರಾ, ಚಹಾ ಕುಡಿಯುತ್ತೀರಾ ಎಂದು ಕೇಳಿದರು. ಹೊಟ್ಟೆ ತಾಳ ಹಾಕುತ್ತಿತ್ತು. ಆದರೆ ಚಿಕ್ಕಂದಿನಿಂದ ಅವ್ವ ಕಲಿಸಿದ ಮರ್ಯಾದೆ ಎಲ್ಲಿ ಹೋಗಬೇಕು? "ನೋ, ಥ್ಯಾಂಕ್ಯೂ" ಅಂದುಬಿಟ್ಟೆ.

"ಓಕೆ ಸರ್" ಎಂದು ರೇಣಕ್ಕ ಎದುರಿಗೇ ಕೂತರು. ಶಹಬ್ಬಾಸ್ ಅನ್ನಿಸಿಕೊಳ್ಳಲು ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಸಂತೋಷ ಕಂಡು ನನಗೂ ನಿಜವಾಗಿಯೇ ಹೆಮ್ಮೆಯಾಯಿತು. ಎರಡನೇ ಸಲ ಕೇಳಲಿ ಎಂದು ತುಸು ಹೊತ್ತು ಕಾದೆ. ಕೇಳಲಿಲ್ಲ. "ವೆರಿ ಗುಡ್" ಎಂದು ಎದ್ದೆ. ಬಾಗಿಲಿಗೂ ಯಾರೂ ಅಡ್ಡ ಬರಲಿಲ್ಲ.

ಬಸ್ ನಿಲ್ದಾಣದ ಗಾಡಿಯವನು, "ಗಿರಮಿಟ್ ಕೊಡ್ಲೇನ್ರಿ ಸರ?" ಎಂದ. ಅವನ ಮಾತು ಮುಗಿಯುವ ಮೊದಲೇ ಹೂಂ ಅಂದೆ.