ಹದಿನಾಲ್ಕು ಬಿಳಿ ಕಲ್ಲುಗಳು

ಕಸ ಗುಡಿಸುವ ಅಜ್ಜಿಗೆ ಕಲ್ಲುಗಳ ಮೇಲೆ ಕರುಣೆ ಹುಟ್ಟಿದ್ದೇ ತಪ್ಪಾಯಿತು. ಮೇಜಿನ ಮೇಲಿದ್ದ ಹದಿನಾಲ್ಕನ್ನೂ ಬಕೆಟ್ಟಿಗೆ ಸುರಿದು, ಸೋಪು ಹಾಕಿ ಉಜ್ಜಿ, ಬಿಸಿಲಿಗೆ ಹರಡಿದ್ದಳು.

ಭೂವಿಜ್ಞಾನ ಕಚೇರಿಯವರೆಲ್ಲ ಕಲ್ಲಪ್ಪ ಎಂದು ಕರೆಯುತ್ತಿದ್ದ ತರುಣ ವಿಜ್ಞಾನಿ ಬಾಗಿಲಲ್ಲೇ ಕಂಬವಾಗಿ ನಿಂತ.

"ನಂಬರೆಲ್ಲಿ ಅಜ್ಜಿ?"

"ಯಾರೋ ಮಸೀಲಿ ಗೀಚಿದ್ರಪ್ಪ. ಅಂತೂ ಹೋಯ್ತು ನೋಡು!"

ಸಂಜೆ ನಾಲ್ಕಕ್ಕೆ ಪರೀಕ್ಷಕಿ ಬರುವವರಿದ್ದರು. ಬೆಟ್ಟದ ಕೆಳಗಿನದು ಹಳೆಯ ಸುಣ್ಣಕಲ್ಲಿನ ಸ್ತರ; ಮೇಲಿನದು ಡಾಲಮೈಟ್ ಎಂಬ ಕಲ್ಲು, ಅದು ಬೇರೆಯೇ ಸ್ತರ, ಅದಕ್ಕೆ ಹೊಸ ಹೆಸರು ಬೇಕು ಎಂದು ಕಲ್ಲಪ್ಪ ಎರಡು ವರ್ಷ ಬಿಸಿಲಲ್ಲಿ ಬೆಂದು ವರದಿ ಬರೆದಿದ್ದ. ಅವರು ಒಪ್ಪಿದರೆ ಕೆಲಸ ಕಾಯಂ. ಈಗ ಎರಡೂ ಕಡೆಯಿಂದ ಒಡೆದು ತಂದ ಹದಿನಾಲ್ಕೂ ಒಂದೇ ತಾಯಿಯ ಮಕ್ಕಳಂತೆ ಬೆಳ್ಳಗೆ ಹೊಳೆಯುತ್ತಿದ್ದವು.

ಆಸಿಡ್ ಹನಿಸಿದರೆ ಸುಣ್ಣಕಲ್ಲು ಬುಸ್ಸೆಂದು ನೊರೆ ಉಕ್ಕಿಸುತ್ತದೆ, ಡಾಲಮೈಟ್ ಹೆಚ್ಚುಕಮ್ಮಿ ಸುಮ್ಮನಿರುತ್ತದೆ. ಕಪಾಟಿಗೆ ಓಡಿದ. ಸೀಸೆ ಖಾಲಿ!

"ಬಚ್ಚಲು ಪಾಚಿ ಕಟ್ಟಿತ್ತು ಕಣೋ," ಎಂದರು ಟೈಪಿಸ್ಟ್ ಅಕ್ಕ, ತಣ್ಣಗೆ.

"ನಾಲಿಗೆಗೆ ಇಟ್ಟು ನೋಡಯ್ಯ," ಎಂದರು ನಕ್ಷೆ ಬರೆಯುವ ಹಿರಿಯರು. ಏಳು ಕಲ್ಲು ನೆಕ್ಕಿದ. ಏಳೂ ಸೋಪಿನ ರುಚಿ.

ಕೊನೆಗೆ ಕ್ಯಾಂಟೀನಿನಿಂದ ವಿನೆಗರ್ ತಂದ. ಅದಕ್ಕೆ ಸುಣ್ಣಕಲ್ಲೂ ಮುನಿದ ಮಗುವಿನಂತೆ ಮೆಲ್ಲಗೆ ಗೊಣಗಿತೇ ಹೊರತು ಬುಸುಗುಡಲಿಲ್ಲ. ಒಂದೊಂದಕ್ಕೂ ಕಿವಿಗೊಟ್ಟು ಕೂತ. ಸುತ್ತ ಕಚೇರಿಯೇ ನೆರೆದಿತ್ತು.

"ಏನಂತೆ?"

"ಸುಮ್ನಿರ್ರೀ!"

ಗಡಿಯಾರ ಓಡಿತು. ಅಂಗಿ ಬೆವರಿಗೆ ಅಂಟಿತು. ಮೂರೂ ಐವತ್ತಕ್ಕೆ ಕೊನೆಯ ಕಲ್ಲಿನ ಮೇಲೆ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಅದನ್ನು ಸುಣ್ಣಕಲ್ಲಿನ ಸಾಲಿಗೆ ಸೇರಿಸುವಷ್ಟರಲ್ಲಿ ಹೊರಗೆ ಜೀಪು ನಿಂತಿತು.

ಪರೀಕ್ಷಕಿ ತಮ್ಮದೇ ಆಸಿಡ್ ತೆಗೆದು ಒಂದೊಂದಕ್ಕೂ ಹನಿಸಿದರು. ಎಂಟು ಬುಸ್ಸೆಂದವು, ಆರು ಸುಮ್ಮನಿದ್ದವು. ಒಂದೂ ತಪ್ಪಿಲ್ಲ!

"ಭೇಷ್! ನಂಬರೇ ಇಲ್ಲದೆ ಹೇಗೆ ಗುರುತಿಸಿದ್ರಿ?"

ಕಲ್ಲಪ್ಪ ಉಬ್ಬಿಹೋದ. "ಬೆಳಿಗ್ಗೆಯಿಂದ ಒದ್ದಾಡಿದೀನಿ ಮೇಡಂ. ಬರೀ ಕಣ್ಣಲ್ಲಿ ನೋಡಿದ್ರೆ ನನಗೇ ಗೊತ್ತಾಗ್ಲಿಲ್ಲ!"

ಅವರ ಪೆನ್ನು ನಿಂತಿತು.

"ನಿಯಮ ಗೊತ್ತಲ್ಲ? ಬೆಟ್ಟದ ಮುಂದೆ ನಿಂತವರಿಗೆ ಎರಡರ ನಡುವಿನ ಗೆರೆ ಕಾಣ್ಬೇಕು, ಅದನ್ನ ನಕ್ಷೇಲಿ ಎಳೆಯೋಕಾಗ್ಬೇಕು. ಆಗ ಮಾತ್ರ ಬೇರೆ ಸ್ತರ. ಕಂಡುಹಿಡಿದ ನಿಮಗೇ ಕಾಣದಿದ್ರೆ?"

ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಕಲ್ಲಪ್ಪನಿಗೆ ನೆನಪಾಗುವ ಹೊತ್ತಿಗೆ ವರದಿಯ ಮೇಲೆ ಅಡ್ಡಗೆರೆ ಬಿದ್ದಿತ್ತು.

"ಎರಡೂ ಒಂದೇ ಸ್ತರ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಸಾಕ್ಷಿ ಸಿಗೋದಿಲ್ಲ," ಎಂದು ಪರೀಕ್ಷಕಿ ಬಿಳಿ ಹಾಳೆ ಮುಂದೆ ತಳ್ಳಿದರು. "ಈಗ ಹೇಳಿದ್ದನ್ನೇ ಬರೆದು, ಕೆಳಗೊಂದು ರುಜು ಹಾಕಿ."