ಇಂಟರ್ನೆಟ್ಟಿಗೆ ಹೆಪ್ಪು

ಲಿನಕ್ಸನ್ನು ಮಡಿಯಲ್ಲಿ ನಡೆಸುವವರು ಭೂಮಂಡಲದಲ್ಲಿ ಯಾರಾದರೂ ಇದ್ದರೆ ಅವರು ನಮ್ಮ ಸಿಂಧನೂರಿನ ಸಡ್ಡಕರೊಬ್ಬರೇ! ಸಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ವೃತ್ತಿ, ಬೀಜ-ಗೊಬ್ಬರದ ಅಂಗಡಿ. ಸ್ನಾನ ಮಾಡಿ, ತಮ್ಮ ಹಣೆಗೂ ಲ್ಯಾಪ್‌ಟಾಪಿನ ಬೆನ್ನಿಗೂ ವಿಭೂತಿ ಹಚ್ಚದೆ ಅವರು ಗುಂಡಿ ಒತ್ತುವವರಲ್ಲ.

ಆ ಮುದಿ ಲ್ಯಾಪ್‌ಟಾಪು, ಕಂಪ್ಯೂಟರ್ ನಡೆಸುವ ತಂತ್ರಾಂಶಗಳಲ್ಲಿ ಹಗುರವಾದ ಲಿನಕ್ಸ್ ಬಿಟ್ಟು ಬೇರೇನನ್ನೂ ಹೊರಲಾರದು ಎಂದು ರಿಪೇರಿಯವನು ಕೈಚೆಲ್ಲಿದ್ದ. ಇವರು ಲಿನಕ್ಸನ್ನೇ ಹಾಕಿದರು. ಎಲ್ಲ ಬಂತು, ವೈಫೈ ಮಾತ್ರ ಬರಲಿಲ್ಲ. ವೈಫೈ ಹಿಡಿಯುವ ನೆಟ್‌ವರ್ಕ್ ಕಾರ್ಡನ್ನು ಓಡಿಸಲು ಡ್ರೈವರ್ ಎಂಬ ತಂತ್ರಾಂಶ ಬೇಕು. ಡ್ರೈವರ್ ಇರುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ ಬರಬೇಕಾದರೆ ಡ್ರೈವರ್ ಬೇಕು!

ಈ ಸಾಹಸವೆಲ್ಲ ಲಿಂಗಸುಗೂರಿನಲ್ಲಿರುವ ಸಡ್ಡಕರ ಸ್ವಂತ ಅಕ್ಕನಿಗಾಗಿ. ಆಕೆಗೆ ಕಿವಿ ಪೂರ್ತಿ ಹೋಗಿದೆ. ತುಟಿ ನೋಡಿ ಮಾತು ಹಿಡಿಯುತ್ತಾಳೆ. ಹೃದಯದ ಆಪರೇಷನ್ ಆಗಿ ಮಲಗಿದ್ದಳು. ಮೊಬೈಲಿನಲ್ಲಿ ತಮ್ಮನ ತುಟಿ ಜೋಳದ ಕಾಳಿನಷ್ಟೇ ಕಾಣುತ್ತದೆ. ಅದಕ್ಕೇ ಆಕೆಯ ಮಂಚದ ಮುಂದೆ ಈ ಲ್ಯಾಪ್‌ಟಾಪಿನ ದೊಡ್ಡ ಪರದೆ ಇಡುವ ಸಂಕಲ್ಪ.

ಸಡ್ಡಕರು ಮಸ್ಕಿಯ ನಮ್ಮ ಮನೆಗೆ ಬಂದು ಪೆನ್‌ಡ್ರೈವಿನಲ್ಲಿ ಡ್ರೈವರ್ ತುಂಬಿಕೊಂಡು ಹೋದರು. ನಡೆಯಲಿಲ್ಲ. ಮತ್ತೆ ಬಂದರು. ಮತ್ತೆ ನಡೆಯಲಿಲ್ಲ. ಲ್ಯಾಪ್‌ಟಾಪಿನ ಮೇಲೆ ಅಂಟಿಸಿದ ಚೀಟಿಯಲ್ಲಿದ್ದ ಕಾರ್ಡೇ ಬೇರೆ, ರಿಪೇರಿಯವನು ಒಳಗೆ ಹಾಕಿದ್ದೇ ಬೇರೆ! ‘ಚೀಲದ ಮ್ಯಾಲಿನ ಚಿತ್ರ ನೋಡಿ ಬೀಜ ತಗೋಬ್ಯಾಡ್ರಿ’ ಎಂದು ರೈತರಿಗೆ ದಿನಾ ಉಪದೇಶಿಸುವವರು ಇವರೇ ಅಲ್ಲವೇ?

“ಅಣ್ಣಾರ, ನೀವು ಬಂದ ಬಸ್ಸ ಲಿಂಗಸುಗೂರಿಗೆ ಹೋಗತೈತಿ. ಹೋಗಿ ನೋಡಿ ಬರಬಾರದೇನ್ರೀ?” ಎಂದೆ.

“ನಾ ಹೋದ್ರ ಆಕಿ ಹಾಸಿಗ್ಯಾಗ ಇರ್ತಾಳೇನ್ ತಮ್ಮಾ? ಹೋದ ಸಲ ಹೊಲಿಗಿ ಇನ್ನಾ ಹಸಿ ಇದ್ವು, ಎದ್ದು ಹೋಳಿಗಿ ಮಾಡ್ಯಾಳ! ಡಾಕ್ಟರು ಆಕಿಗೆ ಎಣ್ಣಿ, ಉಪ್ಪು, ನಾನು, ಮೂರೂ ಬಂದ್ ಮಾಡ್ಯಾರ.”

ಮುಂದಿನ ವಾರ ಕೈಲಾದಷ್ಟು ನೆರವಾಗೋಣವೆಂದು ನಾನೇ ಸಿಂಧನೂರಿಗೆ ಹೋದೆ. ಸಂಜೆ ಹಾಲು ಕಾಯಿಸುತ್ತಿದ್ದ ಅವರ ಹೆಂಡತಿ ಒಳಗಿನಿಂದಲೇ ಗದರಿದರು:

“ಮನ್ಯಾಗ ಹೆಪ್ಪಿಲ್ಲಂದ್ರ ಏನ್ ಮಾಡತೀವ್ರೀ? ಬಾಜೂ ಮನ್ಯಾಗ ಒಂದು ಚಮಚಾ ಇಸಗೋತೀವಿ. ನಿಮ್ಮ ಮೊಬೈಲಿನ್ಯಾಗ ನೆಟ್ ಐತಲ್ಲ, ವೈರ್ ಹಚ್ಚಿ ಚೂರು ತಗೋರಿ!”

ಸಡ್ಡಕರು ಲ್ಯಾಪ್‌ಟಾಪಿನತ್ತ ಬಗ್ಗಿದರು. ವೈರು ಆಗಲೇ ಹಚ್ಚಿಯೇ ಇತ್ತು. ಆ ಲ್ಯಾಪ್‌ಟಾಪಿನಿಂದಲೇ ಮೊಬೈಲು ಚಾರ್ಜಾಗುತ್ತಿತ್ತು! ನಾನು ಮೊಬೈಲಿಗೆ ಕೈ ಹಾಕಿದೆ. ಸಡ್ಡಕರು ತಡೆದರು.

“ಈಗ ಬ್ಯಾಡ. ದೀಪ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರದು, ತಗೋಬಾರದು.”

“ಅಯ್ಯ, ಅದು ಮೊಸರಿನ ಮಾತ್ರೀ!”

“ಹೋಲಿಕಿ ಕೊಟ್ಟಾಕಿ ನೀನ. ಕೊಟ್ಟಿಂದ ಪೂರಾ ಪಾಲಿಸಬೇಕು!”

ಮುಂಜಾನೆ ಸ್ನಾನ, ವಿಭೂತಿ. ಮೊಬೈಲಿನ ನೆಟ್ ವೈರಿನಲ್ಲಿ ಇಳಿಯಿತು, ಲ್ಯಾಪ್‌ಟಾಪು ತಾನೇ ಹುಡುಕಿದ ಸರಿಯಾದ ಡ್ರೈವರ್ ಬಂದು ಕೂತಿತು. ವೈರು ಕಿತ್ತರು. ವೈಫೈ ನಿಂತೇ ಇತ್ತು! ನಾವು ಮೂವರೂ ಅಲುಗಾಡಲಿಲ್ಲ. ಅಲುಗಿದರೆ ಹೆಪ್ಪು ಒಡೆಯುತ್ತದಲ್ಲ!

ಅಂದೇ ನಾನು ಲ್ಯಾಪ್‌ಟಾಪನ್ನು ಲಿಂಗಸುಗೂರಿಗೆ ಒಯ್ದು, ಅಲ್ಲಿಯ ವೈಫೈಗೆ ಜೋಡಿಸಿ, ಅವರ ಅಕ್ಕನ ಮುಂದಿಟ್ಟೆ. ಸಿಂಧನೂರಿನಿಂದ ಮೊಬೈಲಿನಲ್ಲಿ ಕರೆದ ಸಡ್ಡಕರ ಮುಖ ಪರದೆಯ ತುಂಬ ಬಂತು. ಆಕೆ ಮುಂದಕ್ಕೆ ಬಾಗಿ ನೋಡಿದಳು.

“ಸೊರಗೀದಿ. ಉಂಡೀ ಇಲ್ಲೋ?”

ಊರಿಗೆಲ್ಲ ಭಾಷಣ ಮಾಡುವ ಸಡ್ಡಕರು ಬಾಯಿ ತೆರೆದರು. ತುಟಿ ನಡುಗಿತು. ನಡುಗುವ ತುಟಿಯಲ್ಲಿ ಆಕೆ ಏನೆಂದು ಓದಿಯಾಳು? ಎದ್ದು ಹೋದರು. ತಾಟು ಹಿಡಿದು ಬಂದು, ರೊಟ್ಟಿಯನ್ನು ಎತ್ತಿ ತೋರಿಸಿ, ಮುರಿದು, ಉಣ್ಣತೊಡಗಿದರು.

ಆಕೆ ಕೊನೆಯ ತುತ್ತಿನವರೆಗೂ ನೋಡಿದಳು. ಆಮೇಲೆ ನೆಮ್ಮದಿಯಾಗಿ ದಿಂಬಿಗೆ ಒರಗಿದಳು.